ಕಾಗೆ ಮುಟ್ಟಿದ ಬಿಸ್ಕತ್ತು

ಬೇಕರಿ ಭಟ್ಟಿ ಮುಂದೆ ನಿಂತು ಬಾಳಿದವನಿಗೆ ಇಂಥವು ತಪ್ಪುವುದಿಲ್ಲ. ನಾನು ಕರೆದಿಲ್ಲ. ಅವೇ ಬಂದವು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಮಾತು ನನಗೆ ಒಗ್ಗುವುದಿಲ್ಲ. ಮೊಮ್ಮಗಳು ಬರೆದುಕೊಡು ಅಂದಳು, ಬರೆದಿದ್ದೇನೆ. ನಗು ಬಂದರೆ ನಗಿ. ನನಗೆ ಆಗ ಬರಲಿಲ್ಲ.

ಹಳೇ ಕೆಮ್ಮು

ಗಿರಣಿ ಕೂಗಿದರೆ ದಾವಣಗೆರೆ ಏಳುತ್ತಿದ್ದ ಕಾಲ. ವಿನೋಬನಗರದ ಒಂದು ಸಣ್ಣ ಬೇಕರಿಯಲ್ಲಿ ನನಗೆ ಭಟ್ಟಿ ಕೆಲಸ ಸಿಕ್ಕಿತು. ನನಗಿಂತ ಮುಂಚೆ ಅಲ್ಲಿ ಒಬ್ಬ ಮುದುಕ ಮೇಸ್ತ್ರಿ ಇದ್ದ. ಆ ಭಟ್ಟಿಯನ್ನು ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದವನೂ ಅವನೇ. ಅದರ ಬಾಯಿ ಮುಂದೆ ಕೂತು ಕೆಮ್ಮುತ್ತಲೇ ಬ್ರೆಡ್ಡು ಸುಡುತ್ತಿದ್ದನಂತೆ. ಕೆಮ್ಮುತ್ತಲೇ ಸತ್ತ.

ಮೊದಲ ದಿನ ಸೌದೆ ಹೊತ್ತಿಸಿದೆ. ಕೆಂಡ ಹೊರಗೆಳೆದು, ಬೂದಿ ಗುಡಿಸಿ, ತಗಡಿನ ಬಾಗಿಲು ಮುಚ್ಚಿದೆ. ಒಳಗೆ ಯಾರೋ ಕೆಮ್ಮಿದರು.

ಯಜಮಾನರು ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದರು. ಪೆಟ್ಟಿಗೆ ತೆರೆಯುವ ಮುಂಚೆ ಬೆರಳಿನ ಉಂಗುರದಿಂದ ಮುಚ್ಚಳವನ್ನು ಟಕ್ ಟಕ್ ಎಂದು ಬಡಿಯುವುದು ಅವರ ಅಭ್ಯಾಸ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು.

"ಕೇಳ್ತಾ?"

"ಹ್ಞೂಂ."

"ಯಾರದು?"

"ಭಟ್ಟಿ. ಬಿಸಿ ಆದ್ರೆ ಇಟ್ಟಿಗೆ ಸದ್ದು ಮಾಡ್ತಾವ್ರಿ."

"ಮಾಡ್ಲಿ. ಅವನ ಸದ್ದು ಯಾಕ ಮಾಡ್ಬೇಕು?"

ನಾನು ಹಿಟ್ಟು ನಾದಲು ಹೋದೆ.

ಗಿರಾಕಿಗಳಿಗೂ ಕೇಳಿಸಿತು. ಬ್ರೆಡ್ಡಿಗೆ ಬಂದ ಹೆಂಗಸು ಬ್ರೆಡ್ಡು ಬಿಟ್ಟು ಹೋದಳು. ಮರುವಾರ ಬೇರೆಯವರೂ ಎದುರು ಬದಿಯಿಂದ ನಡೆದುಹೋಗಲು ಶುರು ಮಾಡಿದರು. ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿದರು: "ದೀಪಾವಳಿ ತನಕ ನೋಡ್ತೀನಿ. ಆಮೇಲೆ ಭಟ್ಟಿ ಒಡೆಸಿ ಸೈಕಲ್ ಅಂಗಡಿ ಇಡ್ತೀನಿ."

ನನಗೆ ಭಟ್ಟಿ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಬಸುರಿ.

ಒಂದು ಸಂಜೆ ಯಜಮಾನರು ಕೆಮ್ಮಿನ ಔಷಧಿಯ ಬಾಟ್ಲಿ ತಂದು ಭಟ್ಟಿಯ ಬಾಯಲ್ಲಿಟ್ಟು ಅಂಗಡಿಗೆ ಬೀಗ ಹಾಕಿದರು. ಬೆಳಿಗ್ಗೆ ತೆಗೆದಾಗ ಔಷಧಿ ಅರ್ಧ ಇಳಿದಿತ್ತು. ಬಿರಡೆ ಮಾತ್ರ ಹಾಕಿದಷ್ಟೇ ಬಿಗಿಯಾಗಿತ್ತು. ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು.

ಸೌದೆ ಹೊತ್ತಿಸಿದೆ. ಕೆಮ್ಮಿತು.

ಯಜಮಾನರು ಬಾಟ್ಲಿ ನೋಡಿದರು. ಭಟ್ಟಿ ನೋಡಿದರು.

"ಹಳೇ ಕೆಮ್ಮು," ಅಂದರು. "ಒಂದು ಬಾಟ್ಲಿಗೆ ಹೋಗಲ್ಲ."

ಅದ್ದಲು ಬಾರದ ಕಾಗೆ

ಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ದಿನಗಳು. ಸತ್ತವರಿಗೆ ಏನೇನು ಇಷ್ಟವೋ ಎಲ್ಲ ಎಡೆಯಲ್ಲಿ ಇರಬೇಕು. ಒಂದು ಪಾಲು ಮಾಳಿಗೆ ಮೇಲಿಟ್ಟು ಕಾಯಬೇಕು. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಎಂದು ಲೆಕ್ಕ. ಆಮೇಲೆ ಮನೆಯವರ ಊಟ.

ಮಧ್ಯಾಹ್ನ ಇಳಿದಿತ್ತು. ಸತ್ತ ಮೇಸ್ತ್ರಿಯ ಹೆಂಡತಿ ಅಂಗಡಿಗೆ ಬಂದಳು. ಮುಖ ಬಾಡಿತ್ತು.

"ತಮ್ಮಾ, ಕಾಗೆ ಮುಟ್ಟವಲ್ದು. ಮನೆ ಮಂದಿ ಎಲ್ಲಾ ಹಸಕೊಂಡು ಕುಂತಾರೆ."

"ಏನೇನು ಇಟ್ಟೀರಿ ಅವ್ವ?"

"ಹೋಳಿಗೆ, ಕಡುಬು, ಬೀಡಿ. ಚಹಾನೂ ಇಟ್ಟೀನಿ. ಬಂದು ಕೂಡ್ತೈತೆ. ಚಹಾ ನೋಡ್ತೈತೆ. ನನ್ನ ಮುಖ ನೋಡ್ತೈತೆ. ಹೋಗ್ತೈತೆ."

ಸೆರಗಿನ ಗಂಟು ಹಿಡಿದು ಅವಳೇ ಹೇಳಿದಳು. "ನಮ್ಮನೇರು ಬರೀ ಚಹಾ ಕುಡಿದೋರಲ್ಲ. ಬೆಣ್ಣೆ ಬಿಸ್ಕತ್ತು ಅದ್ದಿ ತಿಂತಿದ್ರು. ಕಾಗೆಗೆ ಅದ್ದೋಕೆ ಬರಲ್ಲ. ಚಹಾ ಒಳಗೇ ಇರೋ ಹಂಗೆ ಬಿಸ್ಕತ್ತು ಮಾಡೋಕ್ಕಾಗುತ್ತಾ?"

ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಣ ಚಹಾ ಎಲೆಯನ್ನು ಬಿಚ್ಚಿ ಹಲಗೆ ಮೇಲೆ ಸುರಿದಳು.

ಇಂಥದ್ದು ನಾನು ಮಾಡಿರಲಿಲ್ಲ. ಎಲೆಯನ್ನು ಅಂಗೈಯಲ್ಲಿಟ್ಟು ಉಜ್ಜಿದೆ. ಬೆಣ್ಣೆ, ಸಕ್ಕರೆ ನೊರೆ ಬರುವ ಹಾಗೆ ಕಲಸಿ, ಎಲೆ ಸೇರಿಸಿ, ಮೈದಾ ಹಾಕಿದೆ. ನೀರು ಮುಟ್ಟಿಸಲಿಲ್ಲ. ಬ್ರೆಡ್ಡು ತೆಗೆದ ಮೇಲೆ ಭಟ್ಟಿಯಲ್ಲಿ ಉಳಿಯುವ ಸಣ್ಣ ಶಾಖಕ್ಕೆ ಬಿಸ್ಕತ್ತು ಜೋಡಿಸಿದ ತಗಡು ತಳ್ಳಿದೆ. ಬೆಣ್ಣೆ ಕಾದ ವಾಸನೆ ಮೊದಲು ಬಂತು, ಹಿಂದೆಯೇ ಚಹಾದ್ದು. ಒಳಗೆ ಯಾರೋ ಉದ್ದಕ್ಕೆ ಉಸಿರೆಳೆದುಕೊಂಡ ಹಾಗಾಯಿತು. ಆ ದಿನದ ಮಟ್ಟಿಗೆ ಕೆಮ್ಮು ನಿಂತಿತು.

ತಗಡು ಹೊರಗೆ ತೆಗೆದೆ. ಹಿಂದಿನ ಮೂಲೆಯಲ್ಲಿ ಬೆಣ್ಣೆಯ ದುಂಡು ಕಲೆ ಇತ್ತು. ಅಲ್ಲಿಟ್ಟ ಬಿಸ್ಕತ್ತು ಇರಲಿಲ್ಲ. ಅವಳೂ ನೋಡಿದಳು.

ಅವಳ ಜೊತೆ ಮಾಳಿಗೆ ಹತ್ತಿದೆ. ಬಿಸ್ಕತ್ತು ಇಟ್ಟು ಕೈ ತೆಗೆಯುವಷ್ಟರಲ್ಲಿ ಕಾಗೆ ಬಂತು. ಹೋಳಿಗೆ ದಾಟಿತು, ಕಡುಬು ದಾಟಿತು. ಬಿಸ್ಕತ್ತು ಕಚ್ಚಿಕೊಂಡು ಹೋಯಿತು.

ಅವಳು ಕೈ ಮುಗಿದಳು. ಆಮೇಲೆ ಸಿಟ್ಟು ಬಂತು.

"ಬದುಕಿದ್ದಾಗ್ಲೂ ಹಿಂಗೇ. ನಾನು ಮಾಡಿದ್ದು ಬಿಟ್ಟು ಅಂಗಡೀದು ತಿನ್ನೋರು."

ಅಪ್ಪನ ಪಥ್ಯ

ಸುದ್ದಿ ಹಬ್ಬಿತು. ಯಜಮಾನರು ಹಿಗ್ಗಿದರು. ಚಹಾ ಬಿಸ್ಕತ್ತನ್ನು ಗಾಜಿನ ಡಬ್ಬಿಗೆ ತುಂಬಿ ಮುಂದೆ ಇಟ್ಟರು. ಅವರು ತಿನ್ನಲಿಲ್ಲ. ಮಾರುವ ಮಾಲು ಮನೆಯವನು ತಿಂದರೆ ಅಂಗಡಿ ಉಳಿಯುವುದಿಲ್ಲ ಎನ್ನುವುದು ಅವರ ನಂಬಿಕೆ. ಬೇರೆ ಯಾರೂ ತಿನ್ನಲಿಲ್ಲ. ಬಿಳಿ ಬಿಸ್ಕತ್ತಿನಲ್ಲಿ ಕಪ್ಪು ಕಪ್ಪು ಚುಕ್ಕಿ. ಬಂದವರು ಡಬ್ಬಿ ನೋಡುವರು. "ಇದು ಸತ್ತೋರ ಬಿಸ್ಕತ್ತಲ್ಲೇನ್ರಿ?" ಎನ್ನುವರು, ಕೈ ಹಿಂದಕ್ಕೆಳೆದುಕೊಳ್ಳುವರು.

ಎಡೆಗೆ ಬೇಕೆಂದು ಮಾತ್ರ ಬಂದರು. ಬದುಕಿದವರಿಗೆ ಒಂದು ಚೂರೂ ಬೇಡ.

ಶಾಮನೂರಿನಿಂದ ಒಬ್ಬ ರೈತ ಬಂದ. ಹೆಗಲ ಮೇಲಿನ ಟವೆಲ್ಲು ತೆಗೆದು ನಿಂತುಕೊಂಡು ನನ್ನನ್ನು ಕೇಳಿದ.

"ನಮ್ಮ ಅಪ್ಪಗೆ ಬೇಕಾಗಿತ್ರಿ. ಸಕ್ಕರೆ ಕಮ್ಮಿ ಹಾಕಿ ಮಾಡಿಕೊಡ್ರಿ."

"ಯಾಕ?"

"ಅವಗೆ ಸಕ್ಕರೆ ಕಾಯಿಲೆ ಇತ್ತು."

"ಸತ್ತು ಎಷ್ಟು ದಿನ ಆತು?"

"ಬಾಳ ವರ್ಷ ಆತ್ರಿ."

"ಮತ್ತೆ ಈಗೇನು ಪಥ್ಯ?"

ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ದನಿ ತಗ್ಗಿಸಿದ.

"ಮನ್ನೆ ಅಪ್ಪ ಕನಸಿನಾಗ ಬಂದಿದ್ದ ರೀ. ಸಕ್ಕರೆ ಇಳಿದೈತೆ ಅಂದ. ಮತ್ತೆ ಏರೋದು ಯಾಕ ಬೇಕು?"

ಹರಿಹರದ ಹೊಳೆ ದಂಡೆ

ಅಮಾವಾಸ್ಯೆ ಕಳೆಯಿತು. ಸತ್ತವರ ಗಿರಾಕಿಯೂ ನಿಂತಿತು.

"ಸತ್ತೋರನ್ನ ನಂಬಿ ವರ್ಷಪೂರ್ತಿ ಅಂಗಡಿ ನಡಿಯಲ್ಲ," ಅಂದರು ಯಜಮಾನರು. "ಹರಿಹರಕ್ಕೆ ಒಯ್ದು ನೋಡು. ಅಲ್ಲಿ ಈ ಸುದ್ದಿ ಗೊತ್ತಿಲ್ಲ. ಅಲ್ಲೂ ಹೋಗ್ಲಿಲ್ಲಂದ್ರ ಭಟ್ಟಿ ಒಡಿಯೋಕೆ ಗೌಂಡಿ ಕರೆಸ್ತೀನಿ."

ಡಬ್ಬ ತುಂಬಿಕೊಂಡು ಬೆಳಗಿನ ರೈಲು ಹತ್ತಿದೆ. ಮೈಮೇಲೆ ಹಿಟ್ಟು ಹಾಗೇ ಇತ್ತು. ಪೇಟೆಗೆ ಹೋಗುವ ಮುಂಚೆ ಕೈಕಾಲು ಮುಖ ತೊಳೆಯೋಣವೆಂದು ಹೊಳೆಗೆ ಇಳಿದೆ.

ದಂಡೆಯಲ್ಲಿ ಒಂದು ಮನೆತನದವರು ಹತ್ತನೇ ದಿನದ ಕಾರ್ಯ ಮಾಡುತ್ತಿದ್ದರು. ಪಿಂಡ ಇಟ್ಟು ದೂರ ಸರಿದು ನಿಂತಿದ್ದರು. ಅರಳಿ ಮರದ ತುಂಬ ಕಾಗೆ. ಒಂದೂ ಕೂಗಲಿಲ್ಲ. ಹೊಳೆಯ ಸದ್ದೂ ಕೇಳಿಸಲಿಲ್ಲ. ಇಂಥ ಕಡೆ ನನಗೇನು ಕೆಲಸ ಎಂದು ದೂರದ ಮೆಟ್ಟಿಲ ಮೇಲೆ ಕೂತೆ. ರೈಲಿನ ಕುಲುಕಿಗೆ ಬಿಸ್ಕತ್ತು ಪುಡಿಯಾಗಿರಬೇಕು ಅನ್ನಿಸಿ ಮುಚ್ಚಳ ತೆಗೆದೆ.

ಇಡೀ ಮರ ಕೆಳಗಿಳಿಯಿತು. ರೆಕ್ಕೆಯ ಸದ್ದೂ ಇಲ್ಲ. ನನ್ನ ಸುತ್ತ ಕಪ್ಪಾಯಿತು. ತಲೆ ಮೇಲೆ, ತೊಡೆ ಮೇಲೆ, ಡಬ್ಬದ ಒಳಗೆ. ನಾನು ಅಲ್ಲಾಡಲಿಲ್ಲ. ಅವು ಎದ್ದಾಗ ಡಬ್ಬ ಖಾಲಿ. ಪಿಂಡ ಇಟ್ಟ ಹಾಗೇ ಇತ್ತು.

ಆ ಮನೆಯ ಮಂದಿ ಎಲ್ಲ ನನ್ನನ್ನೇ ನೋಡುತ್ತಿದ್ದರು. ಸತ್ತವನ ಹಿರಿಯ ಮಗ ಹತ್ತಿರ ಬಂದ.

"ಎಲ್ಲಿಂದ ಬಂದ್ರಿ?"

"ದಾವಣಗೆರೆ."

ಅವನು ತಮ್ಮಂದಿರ ಕಡೆ ತಿರುಗಿದ. "ಅಪ್ಪ ಸಂತೆ ಅಂತ ದಾವಣಗೆರೆಗೆ ಹೋಗ್ತಿದ್ದ," ಅಂದ.

ನಾನು ಡಬ್ಬದ ಮುಚ್ಚಳ ಹಾಕಿದೆ.

ಹಿಂದಿನಿಂದ ಸತ್ತವನ ಹೆಂಡತಿ ಬಂದಳು. ಮುದುಕಿ. ನನ್ನ ಮೂಗನ್ನು ನೋಡಿದಳು. ಕಿವಿ ನೋಡಿದಳು. ಮತ್ತೆ ಮೂಗಿಗೆ ಬಂದಳು. ಬಹಳ ಮೆತ್ತಗೆ ಕೇಳಿದಳು.

"ನಿಮ್ಮ ತಾಯಿ ಯಾವೂರೋರಪ್ಪಾ?"

ಇನ್ನೂ ಹೊತ್ತು ಐತೆ

ದೀಪಾವಳಿ ಕಳೆದ ಮರುದಿನ ಗೌಂಡಿ ಬಂದ. ಹೆಗಲ ಮೇಲೆ ಹಾರೆ. ಮೇಸ್ತ್ರಿಯ ಹೆಂಡತಿಯೂ ಬಂದಿದ್ದಳು. ಗಂಡ ಕಟ್ಟಿದ್ದನ್ನು ಕೊನೇ ಸಲ ನೋಡಬೇಕು ಅಂದಳು. ನಾನು ಬೆಂಕಿ ಹಾಕಿರಲಿಲ್ಲ. ಭಟ್ಟಿ ತಣ್ಣಗಿತ್ತು.

ಗೌಂಡಿ ಭಟ್ಟಿಯೊಳಗೆ ತಲೆ ಹಾಕಿದ. ಒಳಗೆ ಕೆಮ್ಮು ಕೇಳಿತು. ತಲೆ ಹೊರಗೆ ತೆಗೆದ.

"ಒಳಗೆ ಯಾರೋ ಅದಾರೆ."

"ಹೌದು," ಅಂದೆ.

"ಹೊರಗೆ ಕರೀರಿ. ಒಡೀಬೇಕು."

"ಬರಲ್ಲ. ಸತ್ತಾರೆ."

ಗೌಂಡಿ ಹಾರೆಯನ್ನು ಗೋಡೆಗೆ ಒರಗಿಸಿದ. ಸದ್ದಾಗದ ಹಾಗೆ.

ಆಗ ಮೇಸ್ತ್ರಿಯ ಹೆಂಡತಿ ಯಜಮಾನರನ್ನು ಕೇಳಿದಳು. "ಎಡೆಯನ್ನ ಕಾಗೆ ಮುಟ್ಟಿದ ಮ್ಯಾಲೆ ನಿಮ್ಮ ಮನ್ಯಾಗ ಏನು ಮಾಡ್ತೀರಿ?"

"ಉಣ್ತೀವಿ."

"ಹಿರಿಯರು ಉಂಡಿದ್ದು ಮನೆಯೋರಿಗೆ ಪ್ರಸಾದ. ಹೌದಲ್ರಿ? ನಿಮ್ಮ ಅಂಗಡ್ಯಾಗ ಎಡೇನೇ ಇಡದೆ ಮಾರಾಕ ಹೊಂಟೀರಿ. ಸತ್ತೋರ ಪಾಲು ಸತ್ತೋರಿಗೆ ಕೊಡದೆ ತಿನ್ನು ಅಂದ್ರೆ ಯಾರು ತಿಂತಾರೆ?"

ಯಜಮಾನರು ಗಲ್ಲಾಪೆಟ್ಟಿಗೆಯನ್ನು ಟಕ್ ಟಕ್ ಎನ್ನಿಸಿದರು. ನನ್ನ ಕಡೆ ನೋಡಿದರು. ನಾನು ಸೌದೆ ಹೊತ್ತಿಸಿದೆ.

ಮಧ್ಯಾಹ್ನ ತಗಡು ಹೊರಗೆ ಬಂದಾಗ ಬೀದಿಯಲ್ಲಿ ಜನ ನಿಂತಿದ್ದರು. ಭಟ್ಟಿ ಒಡೆಯುವುದನ್ನು ನೋಡಲು ಬಂದವರು. ಎಲ್ಲರ ಮುಂದೆ ಮೊದಲ ಬಿಸ್ಕತ್ತನ್ನು ಅಂಗಡಿಯ ಮೋಟುಗೋಡೆ ಮೇಲೆ ಇಟ್ಟೆ. ಕಾಗೆ ಬಂತು. ಕಚ್ಚಿಕೊಂಡು ಹೋಯಿತು. ಯಾರೋ ಕೈ ಮುಗಿದರು. ಗೌಂಡಿ ಮೊದಲು ಕೈ ಚಾಚಿದ. ಒಂದು ತಿಂದ. ಇನ್ನೊಂದಕ್ಕೆ ಕೈ ಚಾಚಿದ. ಸಂಜೆಯೊಳಗೆ ಗಾಜಿನ ಡಬ್ಬಿ ಬರಿದಾಯಿತು.

ಅಂದಿನಿಂದ ತಗಡಿನ ಮೂಲೆ ಖಾಲಿಯಾಗಲಿಲ್ಲ. ಕೆಮ್ಮೂ ಇಲ್ಲ. ಬಂದವರು ಬಿಸ್ಕತ್ತು ಐತೆ ಏನ್ರಿ ಎಂದು ಕೇಳುತ್ತಿರಲಿಲ್ಲ. "ಕಾಗೆ ಬಂತೇನ್ರಿ?" ಎಂದು ಕೇಳುತ್ತಿದ್ದರು. ಬರದಿದ್ದರೆ ಕಾಯುತ್ತಿದ್ದರು.

ಒಂದು ದಿನ ಕಾಗೆ ಬಹಳ ತಡ ಮಾಡಿತು. ಜನರ ಸಾಲು ಬೆಳೆಯಿತು. ಯಜಮಾನರು ಸ್ಟೂಲ್ ಹತ್ತಿ, ಮಾಳಿಗೆ ಕಡೆ ಮುಖ ಮಾಡಿ "ಕಾ, ಕಾ" ಎಂದು ಕರೆದರು. ಸಾಲಿನಲ್ಲಿದ್ದ ಒಬ್ಬ ಮೇಷ್ಟ್ರು ಬೇಸತ್ತು ಹೇಳಿದರು.

"ಯಜಮಾನ್ರ, ದನಿ ನಿಮ್ಮದೂ ಅದರಂಗೇ ಐತೆ. ನೀವೇ ಮುಟ್ಟಿಬಿಡ್ರಿ, ನಮಗೆ ಸಾಕು."

ಯಜಮಾನರು ಸ್ಟೂಲಿನಿಂದ ಇಳಿದರು.

"ನನಗಿನ್ನೂ ಹೊತ್ತು ಐತೆ," ಅಂದರು.

ಎರಡನೇ ಕಾಗೆ

ಆ ಹೊತ್ತೂ ಬಂತು. ಕೆಲವು ವರ್ಷ ಕಳೆದ ಮೇಲೆ ಯಜಮಾನರು ತೀರಿಕೊಂಡರು. ಮಗನಿಗೆ ಬೇಕರಿ ಬೇಡ. ಹೊಗೆ ಆಗುವುದಿಲ್ಲ, ಅಪ್ಪ ಹೇಳುತ್ತಿದ್ದ ಸೈಕಲ್ ಅಂಗಡಿಯೇ ಸಾಕು. ತಿಥಿ ಮುಗಿಯುತ್ತಲೇ ಅದೇ ಗೌಂಡಿಯನ್ನು ಕರೆತಂದ. ನನಗೆ ಅಷ್ಟು ಹೊತ್ತಿಗೆ ಮೂರು ಮಕ್ಕಳು.

"ಇವತ್ತಿನ ಮಾಲು ತೆಗೀರಿ. ಆಮೇಲೆ ಒಡೀಲಿ," ಅಂದ.

ಮೇಸ್ತ್ರಿಯ ಹೆಂಡತಿ ದಿನದ ಹಾಗೆ ಬಂದು ಕಟ್ಟೆ ಮೇಲೆ ಕೂತಿದ್ದಳು. ನಾನು ತಗಡು ಎಳೆದೆ. ಮೊದಲ ಬಿಸ್ಕತ್ತನ್ನು ಮೋಟುಗೋಡೆ ಮೇಲಿಟ್ಟೆ. ಕಾಗೆ ಬಂತು. ಕಚ್ಚಿಕೊಂಡು ಹೋಯಿತು.

ಇನ್ನೊಂದು ಕಾಗೆ ಬಂತು. ಅದನ್ನು ಯಾರೂ ಹಿಂದೆ ನೋಡಿರಲಿಲ್ಲ. ಗೋಡೆ ಮೇಲೆ ಕೂರಲಿಲ್ಲ. ಜನರ ನಡುವೆ ತಗ್ಗಾಗಿ ಹಾರಿ ಅಂಗಡಿಯೊಳಗೆ ಬಂತು. ಗಲ್ಲಾಪೆಟ್ಟಿಗೆ ಮೇಲೆ ಕೂತಿತು. ಮಗನನ್ನು ನೋಡಿತು. ಗೌಂಡಿಯ ಹಾರೆ ನೋಡಿತು. ಕೊಕ್ಕಿನಿಂದ ಮುಚ್ಚಳವನ್ನು ಬಡಿಯಿತು.

ಟಕ್ ಟಕ್.

ಮಗನ ತುಟಿ ಬೆಳ್ಳಗಾಯಿತು. ಚಪ್ಪಲಿ ಬಿಟ್ಟು ಕೈ ಮುಗಿದ.

"ಒಡೆಸಲ್ಲಪ್ಪಾ," ಅಂದ.

ಕಾಗೆ ಕೂತೇ ಇತ್ತು.

"ಸೈಕಲ್ ಅಂಗಡೀನೂ ಇಡಲ್ಲ."

ಆಗಲೂ ಹೋಗಲಿಲ್ಲ. ನಾನು ಒಂದು ಬಿಸಿ ಬಿಸ್ಕತ್ತು ತೆಗೆದು ಅದರ ಮುಂದೆ ಹಿಡಿದೆ. ಅದು ಮುಖ ತಿರುಗಿಸಿತು.

ಕಟ್ಟೆ ಮೇಲಿಂದ ಮೇಸ್ತ್ರಿಯ ಹೆಂಡತಿ ಹೇಳಿದಳು. "ಅವರಿಗೆ ಕೊಡಬ್ಯಾಡ ತಮ್ಮಾ. ಮಾರೋ ಮಾಲು ಅವರು ಯಾವತ್ತು ತಿಂದಾರೆ?"

ಕಾಗೆ ಎದ್ದು ಹೋಯಿತು.

ಭಟ್ಟಿ ಉಳಿಯಿತು. ನಾನೂ ಉಳಿದೆ. ಗೌಂಡಿ ಹಾರೆಯನ್ನು ಹೆಗಲಿಗೇರಿಸಿ, ತನ್ನ ಪಾಲಿನ ಬಿಸ್ಕತ್ತನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು, ಬೀದಿಗೆ ಇಳಿದ ಮೇಲೆ ತಿರುಗಿ ನಿಂತ.

"ಇನ್ನು ನನ್ನ ಕರೀಬ್ಯಾಡ್ರಿ," ಅಂದ. "ನಾನು ಬಂದಾಗೊಮ್ಮೆ ಇಲ್ಲಿ ಒಬ್ಬರು ಜಾಸ್ತಿ ಆಗ್ತಾರೆ."