ದಿನಕ್ಕೊಂದು ಗಸಗಸೆ ಕಾಳು

ನನ್ನ ಕೆಲಸ ನರಗಳದ್ದು. ತುಂಡಾದ ನರದ ಎಳೆ ಮತ್ತೆ ಹೇಗೆ ಬೆಳೆಯುತ್ತದೆ, ಎಲ್ಲಿ ಬೆಳೆಯದೆ ನಿಂತುಬಿಡುತ್ತದೆ ಎಂದು ಗದಗಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ಇಟ್ಟುಕೊಂಡು ಹನ್ನೆರಡು ವರ್ಷಗಳಿಂದ ನೋಡುತ್ತಿದ್ದೇನೆ. ಇಷ್ಟನ್ನು ಇಷ್ಟೇ ಎಂದು ಅರ್ಥ ಮಾಡಿಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಸಿಕ್ಕಿಲ್ಲ. ಹಾಗಾಗಿ ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ. ಇಲ್ಲಿ ಹೇಳುತ್ತಿರುವುದು ಕಳೆದ ವರ್ಷದವು ಮಾತ್ರ. ಆ ವರ್ಷ ನನ್ನ ವಿದ್ಯೆಗೆ ಪರೀಕ್ಷೆ ಬಂದದ್ದು ನಮ್ಮ ಬಳಗದವರ ಕೈಯಲ್ಲೇ.

೧. ಬಸ್ಸಿನಲ್ಲಿ

ಮುಂಡರಗಿಯಲ್ಲಿ ನನ್ನ ಸೋದರಮಾವನ ಮನೆ. ಅತ್ತೆಯ ಕೈಯಿಂದ ಉಪ್ಪಿನಕಾಯಿ ಭರಣಿ ಜಾರಿ ಒಡೆದು, ಗಾಜಿನ ಚೂರು ಬಲಗೈ ಮಣಿಕಟ್ಟಿನೊಳಗೆ ಆಳಕ್ಕೆ ಹೊಕ್ಕಿತ್ತು. ಹುಬ್ಬಳ್ಳಿಯಲ್ಲಿ ಸರ್ಜನ್ ಒಬ್ಬರು ನರ ಜೋಡಿಸಿ ಹೊಲಿದರು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಏನು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ನಮ್ಮ ಅತ್ತೆ ಬಡಿದ ಜೋಳದ ರೊಟ್ಟಿ ಎತ್ತಿ ಹಿಡಿದರೆ ಆಚೆ ಬದಿಯ ಬೆಳಕು ಕಾಣುತ್ತಿತ್ತು. ಅಂಥ ಕೈ ಮತ್ತೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಹೊತ್ತುಕೊಂಡೇ ನಾನು ಮುಂಡರಗಿ ಬಸ್ಸು ಹತ್ತಿದೆ.

ಪಕ್ಕದಲ್ಲಿ ಲಕ್ಷ್ಮೇಶ್ವರದ ಹಿರಿಯರೊಬ್ಬರು, ಮಗಳ ಮನೆಗೆ ಹೊರಟವರು. ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ನರದ ತೊಂದರೆಗಳ ಮೇಲೆ ಸಂಶೋಧನೆ ಎಂದೆ. ತಪ್ಪು ನನ್ನದೇ. ಊರೂರಿನ ಗೋಡೆಗಳ ಮೇಲೆ 'ನರದೌರ್ಬಲ್ಯಕ್ಕೆ ಗುಪ್ತ ಸಲಹೆ' ಎಂದು ಬಣ್ಣದಲ್ಲಿ ಬರೆದಿರುವಾಗ ಹಾಗೆ ಹೇಳಬಾರದಿತ್ತು. ಅವರು ಆಚೀಚೆ ನೋಡಿ, ದನಿ ತಗ್ಗಿಸಿ, ಅಳಿಯನನ್ನು ಒಮ್ಮೆ ಕರೆತಂದು ತೋರಿಸಬಹುದೇ ಎಂದರು. ನನ್ನ ಕಿವಿ ಬಿಸಿಯಾಯಿತು. ನಾನು ಮನುಷ್ಯರನ್ನು ನೋಡುವುದಿಲ್ಲ, ಇಲಿಗಳನ್ನು ಮಾತ್ರ ನೋಡುತ್ತೇನೆ ಎಂದೆ.

ಡಂಬಳ ದಾಟುವವರೆಗೆ ಅವರು ಕಿಟಕಿಯಾಚೆಯ ಹೊಲ ನೋಡುತ್ತ ಕುಳಿತರು. ಆಮೇಲೆ ಬಹಳ ಕನಿಕರದಿಂದ ಕೇಳಿದರು:

"ಇಲಿಗೂ ಆ ತ್ರಾಸ ಇರತೈತೇನವ್ವಾ?"

೨. ಇರುವೆ ಒಯ್ದ ನರ

ಮಾವ ಸಿಂಗಟಾಲೂರಿನ ಕಡೆ ಹೊಲ ಇರುವ ರೈತ, ಎರಡು ಎತ್ತಿನ ಒಡೆಯ. ಬಿತ್ತಿದ ಮೇಲೆ ಎಷ್ಟು ದಿನಕ್ಕೆ ಮೊಳಕೆ, ಎಷ್ಟು ದಿನಕ್ಕೆ ತೆನೆ ಎಂದು ಬೆರಳ ತುದಿಯಲ್ಲೇ ಹೇಳುವವನು. ನರಕ್ಕೂ ಹಾಗೆಯೇ ದಿನ ಹೇಳು ಎಂದು ಪಟ್ಟು ಹಿಡಿದ. ಹೊಲಿದ ನರದ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಎಂದೆ. ಮಿಲಿಮೀಟರ್ ಅಂದರೆ ಎಷ್ಟು ಎಂದ. ನಾನು ಅಡುಗೆಮನೆಯ ಡಬ್ಬಿಯಿಂದ ಒಂದು ಗಸಗಸೆ ಕಾಳು ತೆಗೆದು ಅವನ ಅಂಗೈ ಮೇಲಿಟ್ಟೆ. ಮಣಿಕಟ್ಟಿನ ಗಾಯದಿಂದ ನಡುಬೆರಳ ತುದಿಯವರೆಗೆ ಅಳೆದರೆ ಹದಿನೇಳು ಸೆಂಟಿಮೀಟರ್. ನೂರಾ ಎಪ್ಪತ್ತು ಕಾಳು, ನೂರಾ ಎಪ್ಪತ್ತು ದಿನ. ಹೆಚ್ಚುಕಡಿಮೆ ಆಗಬಹುದು ಎಂದೂ ಹೇಳಿದೆ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಮಾತನ್ನೂ ಕಟ್ಟುನಿಟ್ಟಾಗಿ ಹೇಳಿದೆ. ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲವಾದ್ದರಿಂದ, ಸ್ಪರ್ಶ ಬರುವ ತನಕ ಅತ್ತೆ ಒಲೆಯ ಹತ್ತಿರ ಸುಳಿಯಕೂಡದು. ಮಗಳನ್ನು ಮುಳಗುಂದಕ್ಕೆ ಕೊಟ್ಟಾಗಿದೆ. ಖಾನಾವಳಿ ರೊಟ್ಟಿ ಅತ್ತೆಗೆ ಸೇರುವುದಿಲ್ಲ. ಉಳಿದವನು ಮಾವ ಒಬ್ಬನೇ. ಅವನ ಮೊದಲ ರೊಟ್ಟಿ ಥೇಟ್ ಗದಗ ಜಿಲ್ಲೆಯ ನಕಾಶೆ. ಶಿರಹಟ್ಟಿ ತಾಲೂಕು ಹರಿದು ಹಂಚಿಗೇ ಅಂಟಿಕೊಂಡಿತ್ತು.

ಇದರಿಂದ ಎಂದು ಬಿಡುಗಡೆ ಎಂದು ತಿಳಿಯಲು ಮಾವ ಉದ್ದನೆಯ ರಟ್ಟಿನ ಪಟ್ಟಿಯೊಂದನ್ನು ಕತ್ತರಿಸಿ, ದಿನಕ್ಕೊಂದು ಗಸಗಸೆ ಕಾಳನ್ನು ಸಾಲಾಗಿ ಅಂಟಿಸತೊಡಗಿದ. ಎರಡನೇ ತಿಂಗಳಲ್ಲಿ ಒಂದು ಮುಂಜಾನೆ ಫೋನ್ ಬಂತು.

"ಯವ್ವಾ, ಆರು ದಿನದ ನರ ಇರುವಿ ಒಯ್ದಾವ."

ಇರುವೆ ಒಯ್ದದ್ದು ಗಸಗಸೆ, ಅತ್ತೆಯ ನರ ಇದ್ದಲ್ಲೇ ಇದೆ, ನೀನು ಹೋದ ಆರು ಕಾಳು ಮತ್ತೆ ಅಂಟಿಸಿ ಮುಂದುವರಿಸು ಎಂದು ಸಮಾಧಾನ ಹೇಳಿದೆ.

"ಅದು ನಂಗೂ ಗೊತ್ತೈತಿ. ಆದ್ರ ಆ ಆರು ದಿನಾ ಮತ್ತ ಮೊದಲಿಂದ ಎಣಿಸಬೇಕಂತ ನಿಮ್ಮ ಅತ್ತಿ ಹಟ ಹಿಡದಾಳ."

೩. ಶಿರಹಟ್ಟಿಯ ಪ್ರಶ್ನೆ

ಈ ನಡುವೆ ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಭಾಷಣ ಮಾಡಲು ಕರೆದರು. ಕೈಕಾಲಿನ ನರ ತುಂಡಾದರೆ ಮತ್ತೆ ಬೆಳೆಯಬಲ್ಲದು, ಬೆನ್ನುಹುರಿಯ ಒಳಗಿನ ಎಳೆಗಳು ಮಾತ್ರ ಗಾಯದ ತನಕ ಬಂದು ನಿಂತುಬಿಡುತ್ತವೆ ಎಂದು ಚಿತ್ರ ಬರೆದು ವಿವರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಯಾಕೆ ನಿಲ್ಲುತ್ತವೆ ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಗೊತ್ತಿರುವ ಒಂದೆರಡು ಕಾರಣ ಹೇಳಿದೆ. ಅವಳು ಬಿಡಲಿಲ್ಲ, ಹಾಗಾದರೆ ಆ ಕಾರಣಗಳನ್ನು ತೆಗೆದುಹಾಕಿದರೆ ಬೆಳೆಯುತ್ತವೆಯೇ ಎಂದಳು. ಇಲಿಗಳಲ್ಲಿ ಸ್ವಲ್ಪ ಬೆಳೆಯುತ್ತವೆ, ಪೂರ್ತಿ ಬೆಳೆಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ, ಹನ್ನೆರಡು ವರ್ಷದಿಂದ ಹುಡುಕುತ್ತಿರುವ ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ನನ್ನ ಮುಖ ಸಣ್ಣದಾಗಿರಬೇಕು. ಹುಡುಗಿಗೆ ಪಾಪ ಅನ್ನಿಸಿತು.

"ಇರ್ಲಿ ಬಿಡ್ರಿ ಮೇಡಂ," ಎಂದಳು, "ಅದು ಪರೀಕ್ಷಾಕ್ಕ ಬರೂದಿಲ್ಲ."

೪. ಸೋಮವಾರ

ನೂರಾ ಎಪ್ಪತ್ತನೆಯ ಕಾಳು ಅಂಟಿಸಿ ಆಯಿತು. ಅತ್ತೆಯ ಬೆರಳಿಗೆ ಏನೂ ಗೊತ್ತಾಗುತ್ತಿಲ್ಲ ಎಂದು ಮಾವ ಫೋನ್ ಮಾಡಿದ. ನಾನು ಧೈರ್ಯ ಹೇಳಿದೆನಾದರೂ ನನಗೇ ಧೈರ್ಯ ಇರಲಿಲ್ಲ. ಇಲಿಯ ಕಾಲು ತಡವಾದರೆ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಿರಬಹುದು. ಇದು ನನ್ನನ್ನು ಎತ್ತಿ ಆಡಿಸಿದ ಕೈ. ಮತ್ತೆ ಇಪ್ಪತ್ತು ದಿನ ಹೋದವು. ಆಗಲೂ ಇಲ್ಲವೆಂದಾಗ ತಡೆಯಲಾರದೆ ಮುಂಡರಗಿಗೆ ಹೋದೆ.

ಮಾವ ಕೈಗೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಿಗೆ ಬಂದ. ನನ್ನ ತಪ್ಪು ಎಲ್ಲಿದೆ ಎಂದು ಅವನು ಆಗಲೇ ಕಂಡುಹಿಡಿದಿದ್ದ.

"ನಮ್ಮ ಎತ್ತು ಸೋಮವಾರ ನೊಗಾ ಮುಟ್ಟೂದಿಲ್ಲ. ನರಾನೂ ಹಂಗ ಇರಬೇಕು. ಇಪ್ಪತ್ನಾಕು ಸೋಮವಾರ ನೀ ಲೆಕ್ಕದಾಗ ಹಿಡದೇ ಇಲ್ಲ."

ನರಕ್ಕೆ ವಾರ ತಿಥಿ ಇರುವುದಿಲ್ಲ ಎಂದು ಸ್ವಲ್ಪ ಸಿಡುಕಿನಿಂದಲೇ ಹೇಳಿ ಒಳಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಊಟ ಮುಗಿಸಿ, ಗೋಡೆಗೆ ಒರಗಿ, ಎಡಗೈಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಮೈ ಕೈ ತುಂಬಿಕೊಂಡಿದ್ದಳು. ಕಣ್ಣು ಮುಚ್ಚಿಸಿದೆ. ನಾನು ಅರಳೆಯಿಂದ ಬೆರಳು ಮುಟ್ಟುತ್ತೇನೆ, ಗೊತ್ತಾದರೆ ಹೌದು ಅನ್ನು, ಗೊತ್ತಾಗದಿದ್ದರೆ ಇಲ್ಲ ಅನ್ನು ಎಂದೆ.

ತೋರುಬೆರಳ ತುದಿಗೆ ಅರಳೆ ಸೋಕಿಸಿದೆ.

"ಇಲ್ಲ," ಎಂದಳು ಅತ್ತೆ.

ನಡುಬೆರಳಿಗೆ ಸೋಕಿಸಿದೆ. "ಇಲ್ಲ" ಎಂದಳು. ಹೆಬ್ಬೆರಳಿಗೆ ಸೋಕಿಸಿದೆ, ಅದಕ್ಕೂ "ಇಲ್ಲ". ಏನು ಮಾಡುವುದೆಂದು ತೋಚದೆ ಸ್ವಲ್ಪ ಹೊತ್ತು ಕೈಕಟ್ಟಿ ಕುಳಿತೆ. ಆ ಹೊತ್ತೆಲ್ಲ ಅತ್ತೆ ಏನೂ ಅನ್ನಲಿಲ್ಲ. ನನಗೆ ಏನೋ ಹೊಳೆಯಿತು. ಮೆಲ್ಲಗೆ ಮತ್ತೊಮ್ಮೆ ನಡುಬೆರಳಿಗೆ ಅರಳೆ ತಾಗಿಸಿದೆ.

"ಇಲ್ಲ," ಎಂದಳು, ತಕ್ಷಣ.

ನಾನು ಮುಟ್ಟಿದಾಗಷ್ಟೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಅತ್ತಿ," ಎಂದೆ, "ಗೊತ್ತಾಗದಿದ್ರ ಇಲ್ಲ ಅನ್ನೂದು ಹೆಂಗ ಗೊತ್ತಾತು?"

ಅವಳು ಒಂದೇ ಕಣ್ಣು ತೆರೆದು ಅಡುಗೆಮನೆಯ ಕಡೆ ನೋಡಿದಳು. ಒಳಗೆ ಮಾವ ಪಟಪಟನೆ ರೊಟ್ಟಿ ಬಡಿಯುವ ಸಪ್ಪಳ. ಅತ್ತೆ ನನ್ನ ಕೈ ಹಿಡಿದುಕೊಂಡಳು, ಅದೇ ಮೂರು ಬೆರಳಿನಿಂದ, ಗಟ್ಟಿಯಾಗಿ.

"ಹದಿನೈದು ದಿನಾ ಆತು, ಜುಂ ಅನ್ನಾಕ ಹತ್ತಿ. ನಿಮ್ಮ ಮಾವಗ ಹೇಳಬ್ಯಾಡವ್ವಾ. ಮೂವತ್ತು ವರ್ಷ ಎಲ್ಲಾರಿಗೂ ಬಡದು ಹಾಕಿ ಕಡೀಕ ತಣ್ಣಂದು ಉಂಡೇನಿ. ಬಿಸಿ ರೊಟ್ಟಿ ಹೆಂಗಿರತೈತಿ ಅಂತ ಈಗ ಗೊತ್ತಾಗೈತಿ."

ಹನ್ನೆರಡು ವರ್ಷ ಇಲಿಗಳಲ್ಲಿ ನೋಡಿದ್ದು ನನ್ನವರ ಬೆರಳಿಗೆ ಬಂದದ್ದು ಕಂಡು ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಣ್ಣೊರೆಸಿಕೊಂಡು ಎದ್ದೆ. ಅಡುಗೆಮನೆಯಲ್ಲಿ ಮಾವ ಬಿಸಿ ರೊಟ್ಟಿ ಎತ್ತಿ ಹಿಡಿದು ಬೆಳಕಿಗೆ ನೋಡುತ್ತಿದ್ದ. ದುಂಡಗಿತ್ತು, ತೆಳ್ಳಗಿತ್ತು. ನನ್ನನ್ನು ಕಂಡು, ಏನಾಯಿತು ಎಂದ.

ನಾನು ಮನಸ್ಸಿನಲ್ಲೇ ವಿಜ್ಞಾನದ ಕ್ಷಮೆ ಕೇಳಿಕೊಂಡೆ.

"ನೀ ಅಂದದ್ದ ಖರೆ ಮಾವಾ. ಸೋಮವಾರ ನರಾ ಕೆಲಸಾ ಮಾಡೂದಿಲ್ಲ."

ಮಾವನ ಮುಖ ಅರಳಿತು. ಅಷ್ಟರಲ್ಲಿ ಪಡಸಾಲೆಯಿಂದ ಅತ್ತೆಯ ದನಿ ಕೇಳಿಸಿತು:

"ಅಮಾಸಿಗೂ ಮಾಡೂದಿಲ್ಲಂತ, ಅದನ್ನೂ ಹೇಳವ್ವಾ."