ಕೇಬಲ್ ಎಳೆಯಲು ಒಂದು ಕೊಡ ನೀರು

ದಪ್ಪ ಕೇಬಲ್ಲನ್ನು ಪೈಪಿನೊಳಗೆ ಎಳೆಯುವ ಕೆಲಸ ಎಲ್ಲಿ ನಡೆದರೂ ಅಲ್ಲಿ ಒಂದಾದರೂ ನಗೆಪಾಟಲು ಆಗದೆ ಇರುವುದಿಲ್ಲ. ಮೊನ್ನೆ ಮೈಸೂರಿನ ನಮ್ಮ ಬೀದಿ ಅಗೆದು ಎಳೆಯುತ್ತಿದ್ದರು. ಕೋಲೂರಿಕೊಂಡು ಹೋಗಿ ನಿಂತೆ. "ಅಜ್ಜಿ, ಕರೆಂಟಿನ ಕೆಲಸ, ದೂರ ನಿಲ್ಲಿ" ಎಂದ ಒಬ್ಬ. "ಜಾರೋದಕ್ಕೆ ಏನು ಹಚ್ಚುತ್ತೀಯಪ್ಪ?" ಎಂದು ಕೇಳಿದೆ. ಅವನು ಹಗ್ಗ ಬಿಟ್ಟು ನನ್ನ ಮುಖ ನೋಡಿದ.

ನಾನು ಹುಟ್ಟಿದ್ದು ಕಮಲಾಪುರದಲ್ಲಿ, ನಿಜಾಮರ ಕಾಲದಲ್ಲಿ. ಮದುವೆಯಾಗಿ ಹೋದದ್ದು ಹತ್ತಿರದ ಕಲಬುರಗಿಗೆ, ಕೇಬಲ್ ಎಳೆಸುವ ಮಿಸ್ತ್ರಿಯ ಮನೆಗೆ. ಊರಿಗೆ ಕರೆಂಟು ಆಗಿನ್ನೂ ಹೊಸದು. ಹೊಲ, ಬಾವಿ, ಎತ್ತು ಇದ್ದ ನಮ್ಮ ಅಪ್ಪನಿಗೆ ಈ ಸಂಬಂಧ ಅಷ್ಟಕ್ಕಷ್ಟೆ. ಅಳಿಯನನ್ನು ಒಮ್ಮೆಯೂ "ಅಳಿಯಾರ" ಎಂದು ಕರೆದವನಲ್ಲ. "ಹಗ್ಗ ಎಳೆಯಾಂವ ಆರಾಮ ಇದ್ದಾನೇನವಾ?" ಎಂದು ನನ್ನನ್ನು ಕೇಳುತ್ತಿದ್ದ. ಅದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

೧. ಮೊದಲು ದಾರ

ಮೊದಲು ದಾರ ಹೋಗಬೇಕು, ದಾರದ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ, ಹಗ್ಗದ ಹಿಂದೆ ಕೇಬಲ್. ಬುತ್ತಿ ಕೊಡುವ ನೆಪದಲ್ಲಿ ಹೋಗಿ ನಿಂತು ನಾನು ಕಲಿತ ಮೊದಲ ಪಾಠ ಇದು. ನೇರ ಪೈಪಿನಲ್ಲಿ ಬಿದಿರಿನ ಸೀಳು ತೂರಿಸಿ ದಾರ ದಾಟಿಸುತ್ತಿದ್ದರು. ಕಲಬುರಗಿಯ ಮೋಮಿನಪುರದ ಪೈಪಿಗೆ ನಡುವೆ ಎರಡು ತಿರುವು. ಸೀಳು ಹೋಗಲಿಲ್ಲ. ನಮ್ಮ ಮನೆಯವರು ಪಕ್ಕದ ಕಮ್ಮಾರನನ್ನು ಅವನ ತಿದಿಯ ಸಮೇತ ಕರೆತಂದರು. ಅರಿವೆಯ ಉಂಡೆಗೆ ದಾರ ಕಟ್ಟಿ ಪೈಪಿನ ಬಾಯಿಗಿಟ್ಟು ಗಾಳಿ ಊದಿಸಿದರು.

ಆ ತುದಿಯಲ್ಲಿ, ಕೆಲಸದ ಮೇಲೆ ನಿಗಾ ಇಡುವ ಮುನಶಿ ಕುಕ್ಕರಗಾಲಲ್ಲಿ ಕೂತಿದ್ದರು.

"ಬಂತೇನ್ರೀ ಮುನಶಿ ಸಾಹೇಬ್ರ?"

"ಅಭೀ ನಹೀಂ!"

ಮತ್ತೆ ಹತ್ತು ಸಲ ಊದಿದರು.

"ಈಗ?"

"ನಹೀಂ ಆಯಾ ಮಿಯಾಂ! ಅಂದರ್ ಕುಛ್ ಆವಾಜ್ ಆರಾ..." ಎನ್ನುತ್ತ ಮುನಶಿ ಬಗ್ಗಿ, ಸಪ್ಪಳ ಬರುತ್ತಿದ್ದ ಪೈಪಿನೊಳಗೆ ಇಣುಕಿದರು. ಕಮ್ಮಾರ ಮೈಭಾರವನ್ನೆಲ್ಲ ಹಾಕಿ ತಿದಿ ಒತ್ತಿದ.

"ಈಗ ಬಂತೇನ್ರೀ?"

ಉತ್ತರವಿಲ್ಲ. ನಮ್ಮ ಮನೆಯವರು ಓಡಿಹೋಗಿ ನೋಡಿದರೆ ದಾರ ಬಂದಿತ್ತು. ಉಂಡೆ ಮುನಶಿಯ ಬಾಯಲ್ಲಿತ್ತು. ಬಂತು ಅನ್ನಲಿಕ್ಕೆ ಪಾಪ, ಬಾಯಿ ಖಾಲಿ ಇರಲಿಲ್ಲ.

೨. ಜಾರುವುದಕ್ಕೆ

ಕೇಬಲ್ಲಿಗೆ ಸವರಲು ಹೈದರಾಬಾದಿನಿಂದ ಒಂದು ಡಬ್ಬಿ ಕೊಬ್ಬು ಬಂತು. ಯಾವ ಪ್ರಾಣಿಯದೆಂದು ಬರೆದಿರಲಿಲ್ಲ. ಕೂಲಿಗಳಲ್ಲಿ ಅರ್ಧ ಜನ ಒಂದು ಪ್ರಾಣಿಯದೆಂದು ಮುಟ್ಟಲಿಲ್ಲ, ಉಳಿದರ್ಧ ಇನ್ನೊಂದು ಪ್ರಾಣಿಯದೆಂದು ಮುಟ್ಟಲಿಲ್ಲ. ಡಬ್ಬಿಯ ಮುಚ್ಚಳವನ್ನೇ ಯಾರೂ ತೆಗೆಯಲಿಲ್ಲ.

ಅವತ್ತು ಅಗಸಿ ಬೀಜ ನೆನೆಸಿದ ಪಾತ್ರೆ ತೊಳೆಯುವಾಗ ಅದು ನನ್ನ ಕೈಯಿಂದ ಮೂರು ಸಲ ಜಾರಿತು. "ಇದನ್ನ ಹಚ್ಚಿದರ ಹ್ಯಾಂಗರೀ?" ಎಂದೆ. ಮರುದಿನ ಒಂದು ಹಂಡೆ ಅಗಸಿ ಕುದಿಸಿದೆ. ಕುದಿದಷ್ಟೂ ಲೋಳೆ ಬಿಟ್ಟುಕೊಂಡಿತು. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಮನೆಯೆಲ್ಲ ಘಮಘಮ.

"ಅತ್ತೀ, ಇದಕ್ಯಾಕ ಒಗ್ಗರಣಿ ಕೊಟ್ರಿ?"

"ಮತ್ತ? ಬರೇ ಸಪ್ಪಗ ಇತ್ತು. ಇಷ್ಟು ಮಂದಿಗೆ ಅಡಗಿ ಮಾಡಾಕತ್ತಿ, ರುಚಿ ನೋಡಬಾರದೇನವಾ?"

ಮತ್ತೆ ಕುದಿಸಲು ಹೊತ್ತಿರಲಿಲ್ಲ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸಮೇತ ಸವರಿದರು. ಕೇಬಲ್ ಕೈಹಿಡಿದು ಕರೆದಂತೆ ಸರಸರನೆ ಬಂತು. ಆ ಘಮಕ್ಕೆ ಕೂಲಿಗಳೆಲ್ಲ ಹೊತ್ತಿಗೆ ಮೊದಲೇ ಬುತ್ತಿ ಬಿಚ್ಚಿದರು. ಒಬ್ಬ ರೊಟ್ಟಿ ಮುರಿದು ಹಂಡೆಯ ಅಂಚು ಒರೆಸಿ ಬಾಯಿಗಿಟ್ಟು ನನ್ನ ಕಡೆ ತಿರುಗಿ, "ವೈನೀ, ಕೇಬಲ್ಲಿಗೆ ಉಪ್ಪು ಕಡಿಮಿ ಆಗ್ಯದ" ಎಂದ.

೩. ಕಮಲಾಪುರದ ಏರು

ಮುಂದಿನದು ನನ್ನ ತವರಿನಲ್ಲೇ ನಡೆದದ್ದು. ಕಮಲಾಪುರದ ದಿಬ್ಬದ ಮೇಲೆ ಸರ್ಕಾರಿ ಬಂಗಲೆ, ದಿಬ್ಬದ ಬುಡದಲ್ಲಿ ಕರೆಂಟು ಹುಟ್ಟಿಸುವ ಎಂಜಿನ್ ಮನೆ. ನೆಲದೊಳಗೆ ಹೂತ ಪೈಪು ಕಡಿದಾದ ಏರಿನಲ್ಲಿ ಹತ್ತುತ್ತಿತ್ತು. ಅದರೊಳಗೆ ಮುಂಗೈ ದಪ್ಪದ ಕೇಬಲ್ ಮೇಲೆ ಬರಬೇಕು. ಸಂಜೆ ಹೈದರಾಬಾದಿನ ದೊಡ್ಡ ಸಾಹೇಬರು ಬರುವುದರೊಳಗೆ ಕೇಬಲ್ ಮೇಲೆ ಬಾರದಿದ್ದರೆ ಇನ್ನು ಮುಂದೆ ಕೇಬಲ್ಲಿನ ಕೆಲಸವೆಲ್ಲ ಹೈದರಾಬಾದಿನವರಿಗೆ, ನಮ್ಮ ಮನೆಯವರು ಮೊದಲಿನ ಹಾಗೆ ಮತ್ತೆ ಕರೆಂಟಿನ ಕಂಬ ಹತ್ತಲಿಕ್ಕೆ. ಅದೂ ನಮ್ಮಪ್ಪನ ಕಣ್ಣೆದುರಿಗೆ.

ಕೇಬಲ್ಲಿನ ತಲೆಗೆ ಹಗ್ಗವನ್ನು ನಾನೇ ಹೆಣೆದೆ, ಹೆರಳು ಹಾಕಿದ ಹಾಗೆ, ಎಳೆದಷ್ಟೂ ಬಿಗಿಯಾಗುತ್ತದೆ. ಅಗಸಿಯನ್ನೂ ಕುದಿಸಿದೆ, ಕಾವಲು ಕೂತು. ಇಪ್ಪತ್ತು ಜನ ಜಗ್ಗಿದರು. ಕೇಬಲ್ ಅರ್ಧ ಬಂದು ನಿಂತಿತು.

ನೋಡುತ್ತ ನಿಂತಿದ್ದ ಅಪ್ಪ, "ಇಪ್ಪತ್ತು ಮಂದಿ ಉಣ್ಣೂದು ನೋಡಿದ್ದೆ, ಎಳಿಯೂದು ಇವತ್ತ ನೋಡಿದಂಗಾತು" ಎಂದ. ಆಮೇಲೆ ನನ್ನ ಮುಖ ನೋಡಿ ಮನೆಗೆ ಹೋಗಿ ಎತ್ತುಗಳನ್ನು ಹೊಡೆದುಕೊಂಡು ಬಂದ.

ನಮ್ಮ ಬಾವಿಯಿಂದ ದಿನವೂ ನೀರೆತ್ತುವ ಜೋಡಿ ಅದು. ಹಗ್ಗ ಎಳೆಯುತ್ತ ಮುಂದೆ ನಡೆದರೆ ನೀರು ತುಂಬಿದ ಚರ್ಮದ ಚೀಲ ಮೇಲೆ ಬರುತ್ತಿತ್ತು. ನೀರು ಸುರಿದ ಮೇಲೆ ತಾವಾಗಿ ಹಿಂದಕ್ಕೆ ನಡೆದು ಚೀಲವನ್ನು ಬಾವಿಗೆ ಇಳಿಸುತ್ತಿದ್ದವು.

೪. ನೀರಿನ ಸಪ್ಪಳ

ಎತ್ತುಗಳು ಬಂಗಲೆಯ ಅಂಗಳದಿಂದ ಎಳೆದವು. ಕೇಬಲ್ ಮುಕ್ಕಾಲು ಹತ್ತಿತು. ಅಷ್ಟರಲ್ಲಿ ಎರಡೂ ನಿಂತು, ಹಿಂದಕ್ಕೆ ನಡೆಯತೊಡಗಿದವು. ಹಗ್ಗ ಸಡಿಲಾಯಿತು. ನಾನು ಕಾವಲು ಕೂತು ಕುದಿಸಿದ ಲೋಳೆ! ಕೇಬಲ್ ಸುಯ್ಯನೆ ಇಳಿದುಹೋಯಿತು. ಮತ್ತೊಮ್ಮೆ ಎಳೆಸಿದರೆ ಮತ್ತೆ ಅದೇ ಕಥೆ, ಈ ಸಲ ಬೇರೆ ಜಾಗದಲ್ಲಿ. ಯಾಕೆಂದು ಸುತ್ತ ನೋಡಿದೆ. ಸಾಹೇಬರು ಬರುತ್ತಾರೆಂದು ಭಿಸ್ತಿಯೊಬ್ಬ ಅಂಗಳದ ಧೂಳಿಗೆ ಚರ್ಮದ ಚೀಲದಿಂದ ನೀರು ಸುರಿಯುತ್ತಿದ್ದ.

"ಅಪ್ಪಾ, ಆ ನೀರಿನ ಸಪ್ಪಳ! ಬಾವಿ ಅನ್ಕೊಂಡಾವ!"

ಅಪ್ಪ ಹಣೆ ಬಡಿದುಕೊಂಡ. ಭಿಸ್ತಿಯನ್ನು ಕೂರಿಸಿದೆವು. ಮೂರನೆಯ ಸಲ ಕೇಬಲ್ಲಿನ ತಲೆ ಪೈಪಿನಿಂದ ಹೊರಗೆ ಬಂತು. ಅದೇ ಹೊತ್ತಿಗೆ ಸಾಹೇಬರ ಮೋಟಾರು ಅಂಗಳಕ್ಕೆ ಬಂತು. ಇನ್ನು ಕೇಬಲ್ಲನ್ನು ಗೂಟಕ್ಕೆ ಬಿಗಿಯುವುದಷ್ಟೇ ಬಾಕಿ. ನಮ್ಮ ಮನೆಯವರು ಬಗ್ಗಿದರು.

ಆಗ ಬಂದಳು ನಮ್ಮವ್ವ, ಮನೆಯಿಂದ, ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು. "ಎಷ್ಟು ದಣಿದಾವವ್ವಾ ನನ್ನ ಬಸವಣ್ಣಗಳು!" ಎಂದವಳೇ, ನಾನು "ಅವ್ವಾ, ಬ್ಯಾಡ!" ಅನ್ನುವುದರೊಳಗೆ ಎತ್ತುಗಳ ಕಾಲಿಗೆ ನೀರು ಸುರಿದಳು.

ಎತ್ತುಗಳು ಮರ್ಯಾದೆಯಿಂದ ಹಿಂದಕ್ಕೆ ನಡೆದವು. ಕೇಬಲ್ ದಿಬ್ಬದ ಬುಡ ಸೇರಿತು.

ಸಾಹೇಬರು, "ಯೇ ಕ್ಯಾ ಹುಆ?" ಎಂದರು. ಅವ್ವ ಖಾಲಿ ಕೊಡ ಹಿಡಿದು ಬೆವರಿದಳು. ಅಪ್ಪ ಅಳಿಯನ ಬಾಯಿ ನೋಡುತ್ತಿದ್ದ.

ನಮ್ಮ ಮನೆಯವರು ಉರ್ದುವಿನಲ್ಲಿ ಹೇಳಿದರು: "ಹುಜೂರ್, ಇದು ನಮ್ಮ ಪದ್ಧತಿ. ಒಮ್ಮೆ ಪೂರಾ ಎಳೆದು, ವಾಪಸು ಬಿಟ್ಟು, ಪೈಪು ಸಾಫ್ ಮಾಡಿಕೊಂಡು ಮತ್ತೆ ಎಳೆಯುತ್ತೇವೆ. ನೀರು ಸುರಿಯುವುದು ಎತ್ತುಗಳಿಗೆ ಸನ್ನೆ."

"ಮತ್ತೆ ಇವರು?"

"ನಮ್ಮ ಅತ್ತೆಯವರು, ಹುಜೂರ್."

"ಬಹುತ್ ಖೂಬ್!" ಎಂದು ಸಾಹೇಬರು ಕುರ್ಚಿ ತರಿಸಿ ಕೂತರು. ಅವರ ಚಹಾ ಮುಗಿಯುವುದರೊಳಗೆ ಕೇಬಲ್ ಮತ್ತೆ ಮೇಲೆ ಬಂತು. ಈ ಸಲ ನಾನು ಕೊಡದ ಮೇಲೆಯೇ ಕೂತಿದ್ದೆ.

ಬಂಗಲೆಯ ದೀಪ ಹತ್ತಿದ ಮೇಲೆ ಅಪ್ಪ ಹತ್ತಿರ ಬಂದ. "ಅಳಿಯಾರ, ಕೈಕಾಲು ತೊಳ್ಕೊಂಡು ಉಣ್ಣಾಕ ಬರ್ರಿ" ಎಂದ. ನನ್ನ ಕಣ್ಣು ತುಂಬಿತು. ಅಪ್ಪ ಎತ್ತುಗಳ ಕಡೆ ನೋಡಿ ದನಿ ತಗ್ಗಿಸಿ, "ಆದರ ತೊಳ್ಕೊಳ್ಳೂದು ಅತ್ತಾಗ ಹೋಗಿ" ಎಂದ.

ಕೆಲವು ದಿನಗಳ ಮೇಲೆ ಸಾಹೇಬರಿಂದ ಹುಕುಂ ಬಂತು. ಮುನಶಿ ಗಂಭೀರವಾಗಿ ಓದಿ ಹೇಳಿದರು: ಇನ್ನು ಮೇಲೆ ಎಲ್ಲೇ ಏರಿನಲ್ಲಿ ದೊಡ್ಡ ಕೇಬಲ್ ಎಳೆಯುವುದಿದ್ದರೂ ಈ ಸಾಮಾನು ಕಡ್ಡಾಯ. ಹಗ್ಗ, ಕುದಿಸಿದ ಅಗಸಿ ಒಂದು ಹಂಡೆ, ಎತ್ತು ಒಂದು ಜೋಡಿ, ನೀರು ಒಂದು ಕೊಡ, ಮಿಸ್ತ್ರಿಯ ಅತ್ತೆ ಒಬ್ಬರು.