ಗಿರಿಜಳ ಎಕ್ಸ್‌ಪೋರ್ಟ್ ನಂಬರ್

ಸರ್ಕಾರದ ಫಾರಂ ಕಂಡರೆ ನನಗೆ ಮೊದಲಿಂದಲೂ ಕೈ ಬೆವರುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಹೆಸರು, ವಿಳಾಸ ಬರೆಯುವುದಕ್ಕೇನು ಕಷ್ಟ ಅಂತ ನೀವು ಕೇಳಬಹುದು. ಬರೆಯುವುದು ಕಷ್ಟವಲ್ಲ. ಬರೆದಾದ ಮೇಲೆ ಇದೆಲ್ಲ ನಿಜ ಅಂತ ಒಪ್ಪಿ ಸಹಿ ಹಾಕುವುದು ಕಷ್ಟ. ಆ ಹೊತ್ತಿಗೆ ನನ್ನ ಹೆಸರಿನ ಮೇಲೇ ನನಗೆ ಅನುಮಾನ ಬಂದಿರುತ್ತದೆ. ಹಿಂದೊಮ್ಮೆ ರೇಷನ್ ಕಾರ್ಡಿನ ಅರ್ಜಿಯಲ್ಲಿ ಕುಟುಂಬದ ಮುಖ್ಯಸ್ಥರು ಯಾರು ಅಂತ ಕೇಳಿದ್ದರು. ಹೆಂಡತಿ ಗಿರಿಜಳ ಹೆಸರು ಬರೆದು ಕೊಟ್ಟೆ. ಪಕ್ಕದಲ್ಲಿದ್ದವರು ನಕ್ಕರು. ಈಗ ಸರ್ಕಾರವೇ ಮನೆಯ ಹೆಂಗಸನ್ನು ಮುಖ್ಯಸ್ಥೆ ಅಂತ ಬರೆಯುತ್ತದೆ. ನಾನು ಮುಂದಾಲೋಚನೆಯಿಂದ ಬರೆದದ್ದಲ್ಲ, ನಮ್ಮನೆಯಲ್ಲಿ ಇದ್ದದ್ದನ್ನು ಬರೆದೆ, ಅಷ್ಟೆ.

ಹಿರೇಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಶೆಡ್ ಇದೆ. ಗುಬ್ಬಿ, ಸಿ.ಎಸ್. ಪುರದ ಕಡೆಯಿಂದ ತೆಂಗಿನ ನಾರಿನ ಪುಡಿ ತರಿಸಿ, ತೊಳೆದು ಒಣಗಿಸಿ, ನೀರು ಬಿದ್ದರೆ ಊದಿಕೊಳ್ಳುವ ಐದೈದು ಕೆಜಿಯ ಇಟ್ಟಿಗೆ ಒತ್ತಿ ಹಾಲೆಂಡಿಗೆ ಕಳಿಸುತ್ತೇವೆ. ಅಲ್ಲಿ ಮಣ್ಣಿನ ಬದಲು ಅದರಲ್ಲಿ ಟೊಮ್ಯಾಟೊ ಬೆಳೆಯುತ್ತಾರಂತೆ. 'ಕಳಿಸುತ್ತೇವೆ' ಅಂದದ್ದು ಮರ್ಯಾದೆಗೆ. ಕಳಿಸುತ್ತಿದ್ದವಳು ಗಿರಿಜ. ಗಿರಾಕಿಯ ಜೊತೆ ಇಂಗ್ಲಿಷಿನಲ್ಲಿ ಮಾತು, ಬ್ಯಾಂಕು, ಬಂದರಿನ ಕಾಗದ ಎಲ್ಲ ಅವಳದು. ಲೋಡಿಗೆ ಟಾರ್ಪಾಲ್ ಸರಿಯಾಗಿ ಕಟ್ಟಿದ್ದಾರಾ ಅಂತ ನೋಡುವುದು ನನ್ನದು. ನೆಂಟರು ನನ್ನನ್ನು 'ಎಕ್ಸ್‌ಪೋರ್ಟರ್ ಸಾಹೇಬ್ರು' ಅನ್ನುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ನಾನು ಸ್ವಂತವಾಗಿ ಮಾಡಿದ ರಫ್ತು ಅಂದರೆ ಹಬ್ಬಕ್ಕೆ ಕುಣಿಗಲ್ಲಿನ ಅತ್ತೆ ಮನೆಗೆ ಹೊತ್ತೊಯ್ಯುತ್ತಿದ್ದ ಒಂದು ಚೀಲ ಕಾಯಿ. ಅದರ ಬಾಯಿ ಹೊಲಿದು ಕೊಡುತ್ತಿದ್ದವಳೂ ಅವಳೇ.

ಸರಕು ದೇಶ ದಾಟಬೇಕಾದರೆ ಕಳಿಸುವವರಿಗೆ ಒಂದು ನಂಬರ್ ಇರಬೇಕು. ಐಇಸಿ ಅನ್ನುತ್ತಾರೆ. ಅದಿಲ್ಲದಿದ್ದರೆ ಕಸ್ಟಮ್ಸಿನವರು ಒಂದು ಹಿಡಿ ಪುಡಿಯನ್ನೂ ಹಡಗು ಹತ್ತಿಸುವುದಿಲ್ಲ. ನಮ್ಮ ನಂಬರ್ ಗಿರಿಜಳ ಹೆಸರಿನಲ್ಲಿತ್ತು. ಯಾಕೆಂದರೆ ವ್ಯಾಪಾರ ಅವಳೊಬ್ಬಳ ಹೆಸರಿನಲ್ಲಿತ್ತು.

ಮಾರ್ಚ್‌ನಲ್ಲಿ ಗಿರಿಜ ಹೋದಳು. ಜ್ವರ ಅಂತ ತುಮಕೂರಿನ ಆಸ್ಪತ್ರೆಗೆ ನಡೆದುಕೊಂಡೇ ಬಂದವಳು ನಾಲ್ಕು ದಿನ ಇದ್ದಳು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಜೂನ್‌ನಲ್ಲಿ ಅವಳ ಫೋನಿಗೆ ಒಂದು ಸಂದೇಶ ಬಂತು. ಅದಕ್ಕೆ ನಾನು ಕರೆನ್ಸಿ ಹಾಕಿಸುತ್ತಲೇ ಇದ್ದೆ. ಯಾಕೆ ಅಂತ ಕೇಳಬೇಡಿ. ಐಇಸಿ ಇರುವವರು ವರ್ಷಕ್ಕೊಮ್ಮೆ ತಮ್ಮ ವಿವರ ಖಚಿತ ಮಾಡಬೇಕು, ಇಲ್ಲದಿದ್ದರೆ ನಂಬರ್ ನಿಂತುಹೋಗುತ್ತದೆ ಅಂತ ಅದರಲ್ಲಿತ್ತು. ಅವಳು ಪುಸ್ತಕದಲ್ಲಿ ಬರೆದಿಟ್ಟಿದ್ದ ಪಾಸ್‌ವರ್ಡ್ ಹಾಕಿ ಸರ್ಕಾರದ ವೆಬ್‌ಸೈಟಿನ ಒಳಗೆ ಹೋದೆ. ಮಾಲೀಕರ ಹೆಸರು, ವಿಳಾಸ, ಫೋನು ಎಲ್ಲ ತೋರಿಸಿ, ಏನಾದರೂ ಬದಲಾವಣೆ ಇದೆಯಾ ಅಂತ ಕೇಳಿತು. ಇದೆ ಅಂದರೆ ನಂಬರ್ ಹೋಗುತ್ತದೆ. ನಾನು 'ಬದಲಾವಣೆ ಇಲ್ಲ' ಅಂತ ಒತ್ತಿಬಿಟ್ಟೆ. ಅವಳ ಫೋನಿಗೇ ಓಟಿಪಿ ಬಂತು, ಅದನ್ನೂ ತುಂಬಿದೆ. 'ಧನ್ಯವಾದ' ಅಂದಿತು. ನನಗೆ ಬಹಳ ಸಮಾಧಾನವಾಯಿತು. ನಾಚಿಕೆ ಆಮೇಲೆ ಬಂತು.

ಜುಲೈಯಲ್ಲಿ ಹಾಲೆಂಡಿನವನ ಆರ್ಡರ್ ಸಿದ್ಧವಾಯಿತು. ಗುರುವಾರ ಕಂಟೇನರ್ ಬರಬೇಕು, ಭಾನುವಾರ ಚೆನ್ನೈಯಲ್ಲಿ ಹಡಗು. ತಡವಾದರೆ ಶ್ರೀಲಂಕಾದಿಂದ ತರಿಸಿಕೊಳ್ಳುತ್ತೇನೆ ಅಂತ ಆತ ಮೊದಲೇ ಬರೆದಿದ್ದ. ನಮಗೆ ಇರುವವನು ಅವನೊಬ್ಬನೇ ಗಿರಾಕಿ. ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರು ಒಂಬತ್ತು ಜನ.

ಸೋಮವಾರ ಕಸ್ಟಮ್ಸ್ ಏಜೆಂಟ್ ರುದ್ರೇಶ ಕಾಗದ ಹಿಡಿದು ಬಂದ. ಗುಬ್ಬಿ ಕಡೆಯವನು, ಗಿರಿಜಳ ಶಿವಗಣಾರಾಧನೆಗೆ ಬಂದು ಎಲೆ ಮುಂದೆ ಕೂತು ಅತ್ತವನು.

"ಸಾರ್, ಇಲ್ಲಿ ಅಕ್ಕೋರ ಸಹಿ ಬೇಕು."

"ಅಕ್ಕೋರು ಎಲ್ಲಿದ್ದಾರೆ ರುದ್ರೇಶ?"

"ಅದು ನನಗೂ ಗೊತ್ತು, ನಿಮಗೂ ಗೊತ್ತು. ನಂಬರಿಗೆ ಗೊತ್ತಿಲ್ವಲ್ಲ. ಅಕ್ಕೋರ ಸಹಿ ನಿಮಗೆ ಬರಲ್ವಾ? ಇದೊಂದು ಲೋಡ್ ದಾಟಿಸಿ, ಆಮೇಲೆ ನಿಮ್ಮ ಹೆಸರಲ್ಲಿ ಹೊಸದು ಮಾಡಿಸಿದ್ರಾಯ್ತು. ನಾಳೆ ಬೆಳಿಗ್ಗೆ ಬರ್ತೀನಿ."

ಅವನು ಹೋದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ನೋಡಿದೆ. ಮೊದಲನೆಯದು ಕೆಟ್ಟಿತು. ಎರಡನೆಯದು ಪರವಾಗಿಲ್ಲ. ಮೂರನೆಯದು ಎಷ್ಟು ಸರಿಯಾಗಿ ಬಂತೆಂದರೆ, ಅವಳೇ ಬಂದು ಬರೆದು ಹೋದ ಹಾಗಿತ್ತು. ಅಷ್ಟರಲ್ಲಿ ಹೊನ್ನಮ್ಮ ಬಂದು ನಿಂತಿದ್ದಳು. ಶೆಡ್ಡಿನ ಹೆಂಗಸರಿಗೆಲ್ಲ ಹಿರಿಯಳು.

"ಏನ್ ಬರೀತಿದ್ದೀರಿ ಯಜಮಾನ್ರೇ?"

"ಪೆನ್ನು ಬರೀತದಾ ಅಂತ ನೋಡ್ತಿದ್ದೆ."

"ಪೆನ್ ನೋಡಕ್ಕೆ ಅಕ್ಕೋರ ಹೆಸರೇ ಬೇಕಿತ್ತಾ?"

ನಾನು ಕ್ಯಾಲೆಂಡರ್ ಮಡಚಿದೆ.

"ಲೋಡ್ ಹೋಯ್ತದಾ ಇಲ್ವಾ, ಅದ್ ಹೇಳಿ. ಇಲ್ದಿದ್ರೆ ಬೇರೆ ಶೆಡ್ ನೋಡ್ಕತೀವಿ ಬುಡಿ."

"ಹೋಗ್ತದೆ ಹೊನ್ನಮ್ಮ."

"ಒಂದ್ ಇಟ್ಟಿಗೆ ತೂಕ ಕಮ್ಮಿ ಬಂದ್ರೆ ಆಯಮ್ಮ ಇಡೀ ಸಾಲೇ ಬಿಚ್ಚುಸ್ತಿದ್ರು. ಬಯ್ಕಂಡು ಬಯ್ಕಂಡು ಬಿಚ್ಚಿದೀವಿ. ನಮ್ ಸೊಂಟ ಬಿದ್ದೋಗಿದ್ದೇ ಅದುಕ್ಕೆ." ಕ್ಯಾಲೆಂಡರನ್ನೇ ಒಮ್ಮೆ ನೋಡಿ ಹೊರಟುಹೋದಳು.

ಆ ಮಾತು ಇಡೀ ದಿನ ಬಿಡಲಿಲ್ಲ. ಸಿಕ್ಕಿಬಿದ್ದರೆ ಬಂದರಿನಲ್ಲಿ ನಿಲ್ಲುವುದು ಗಿರಿಜಳ ಹೆಸರಿನ ಕಂಟೇನರ್, ಕಳ್ಳ ಕಾಗದ ಕೊಟ್ಟವಳು ಗಿರಿಜ ಅಂತ ಆಗುತ್ತದೆ. ನೂರು ಗ್ರಾಂ ಕಮ್ಮಿ ಕಳಿಸದವಳು. ಮರುದಿನ ರುದ್ರೇಶ ಬಂದಾಗ, ಕಸ್ಟಮ್ಸಿಗೆ ನಾನು ಸುಳ್ಳು ಹೇಳುವುದಿಲ್ಲ ಅಂದುಬಿಟ್ಟೆ. ಸ್ವಲ್ಪ ಜೋರಾಗಿಯೇ ಅಂದೆ. ಹೆದರಿದಾಗ ನನ್ನ ದನಿ ದೊಡ್ಡದಾಗುತ್ತದೆ.

"ಹಡಗು ತಪ್ಪುತ್ತೆ ಸಾರ್. ಆ ಹಾಲೆಂಡಿನ ಆಯಪ್ಪ ಬೇಡ ಅಂದ್ರೆ ಈ ಇಟ್ಟಿಗೇಲೇ ಮನೆ ಕಟ್ಕೋಬೇಕಾಗ್ತದೆ ನೋಡಿ. ಮಳೆ ಬಂದ್ರೆ ಮನೆ ಊದ್ಕೊಳ್ತದೆ!"

ಅಂದವನೇ ತನ್ನ ಆಫೀಸಿಗೆ ಕರೆದುಕೊಂಡು ಹೋಗಿ ಕೂರಿಸಿದ. ಮೊದಲು ಗಿರಿಜಳ ನಂಬರ್ ಸರ್ಕಾರಕ್ಕೆ ವಾಪಸ್ ಒಪ್ಪಿಸಬೇಕಿತ್ತು. ಮರಣ ಪತ್ರ ಲಗತ್ತಿಸಿ, ಜೂನ್‌ನಲ್ಲಿ ತಪ್ಪು ಒತ್ತಿದ್ದು ನಾನು ಅಂತ ಒಂದು ಪತ್ರವನ್ನೂ ಸೇರಿಸಿದೆವು. ಕೊನೆಯ ಬಟನ್ ಬಂದಾಗ ರುದ್ರೇಶ ಮೌಸನ್ನು ನನ್ನ ಕಡೆ ತಳ್ಳಿ, "ಇದನ್ನ ನೀವೇ ಒತ್ತಿ ಸಾರ್, ನಾನು ಟೀ ಹೇಳಿ ಬರ್ತೀನಿ" ಅಂತ ಎದ್ದುಹೋದ. ಟೀ ಹೇಳಲು ಅಷ್ಟು ಹೊತ್ತು ಹಿಡಿಯುವುದಿಲ್ಲ. ಅವನು ಒಳ್ಳೆಯವನು.

ನನ್ನ ಹೆಸರಿನ ಅರ್ಜಿ ಆಮೇಲೆ ಹೋಯಿತು. ಸಂಜೆಯೊಳಗೆ ನಂಬರ್ ಬಂತು. ನೋಡಿದರೆ ಅದು ನನ್ನ ಪ್ಯಾನ್ ಕಾರ್ಡಿನ ನಂಬರೇ. ಈಗ ಎಲ್ಲರಿಗೂ ಹಾಗೇ ಕೊಡುತ್ತಾರಂತೆ. ಇಷ್ಟು ದಿನ ನಾನು ಹೆದರಿದ್ದ ನಂಬರ್ ವರ್ಷಗಳಿಂದ ನನ್ನ ಹಿಂದಿನ ಜೇಬಿನಲ್ಲೇ ಇತ್ತು. ಅದರ ಮೇಲೆ ಕೂತುಕೊಂಡೇ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿಬಂದಿದ್ದೇನೆ.

ನಂಬರ್ ಬಂದರೆ ಮುಗಿಯಲಿಲ್ಲ. ಜಿಎಸ್‌ಟಿ ನನ್ನ ಹೆಸರಿಗೆ ಬರಬೇಕು, ಬ್ಯಾಂಕಿನವರು ಒಪ್ಪಬೇಕು, ಬಂದರಿನಲ್ಲಿ ದಾಖಲಾಗಬೇಕು. ಭಾನುವಾರ ಹಡಗು ನಮ್ಮನ್ನು ಬಿಟ್ಟು ಹೋಯಿತು. ಮಾರ್ಚ್‌ನಿಂದ ಮಾಡುತ್ತಿದ್ದ ಹಾಗೆ, ಹಾಲೆಂಡಿನವನಿಗೆ ನಾನು ಗಿರಿಜಳ ಮೇಲ್‌ನಿಂದಲೇ ನನಗೆ ಬರುವ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. ಕಾಗದ ಬದಲಾಗುತ್ತಿದೆ, ದಯವಿಟ್ಟು ಮುಂದಿನ ಹಡಗಿನವರೆಗೆ ಕಾಯಿರಿ. ಒಂದು ದಿನ ಉತ್ತರವಿಲ್ಲ. ಎರಡನೇ ದಿನವೂ ಇಲ್ಲ. ಹೊನ್ನಮ್ಮ ಗಂಟೆಗೊಮ್ಮೆ ಬಾಗಿಲಲ್ಲಿ ಇಣುಕಿ, ನನ್ನ ಮುಖ ನೋಡಿ ಹೋಗುತ್ತಿದ್ದಳು. ಹೊರಗೆ ಮೋಡ ಕಟ್ಟಿತ್ತು. ಟಾರ್ಪಾಲಿನ ಹಗ್ಗವನ್ನು ನಾನು ಎಷ್ಟು ಸಲ ಬಿಚ್ಚಿ ಕಟ್ಟಿದೆನೋ.

ಮೂರನೇ ದಿನ ಉತ್ತರ ಬಂತು. ಮುಂದಿನ ಹಡಗಿಗೆ ಕಳಿಸಿ, ಕಾಯುತ್ತೇನೆ, ನೀವು ಯಾವತ್ತೂ ತಡ ಮಾಡಿದವರಲ್ಲ ಅಂತ ಇತ್ತು. ಹೊನ್ನಮ್ಮನಿಗೆ ಕೂಗಿ ಹೇಳಿದೆ. ಶೆಡ್ಡಿನ ತುಂಬ ಗದ್ದಲವೆದ್ದಿತು. ಆಮೇಲೆ ಉಳಿದದ್ದನ್ನು ಓದಿದೆ. ಮೇಲೆ 'ಡಿಯರ್ ಮೇಡಂ' ಅಂತಿತ್ತು. ಕೆಳಗೆ, ಇತ್ತೀಚೆಗೆ ನಿಮ್ಮ ಪತ್ರಗಳು ಬಹಳ ಚಿಕ್ಕವಾಗಿವೆ, ಆರೋಗ್ಯವಾಗಿದ್ದೀರಾ ಅಂತ ಕೇಳಿದ್ದ.

ಕಸ್ಟಮ್ಸಿಗೆ ಸುಳ್ಳು ಹೇಳುವುದಿಲ್ಲ ಅಂತ ರುದ್ರೇಶನ ಮುಂದೆ ದನಿ ಎತ್ತಿದವನು ಎರಡು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ, ಚೆನ್ನಾಗಿದ್ದೇನೆ, ಕೆಲಸ ಸ್ವಲ್ಪ ಜಾಸ್ತಿ ಅಂತ ಬರೆದು ಕಳಿಸಿದೆ.